ಅರಸೀಕೆರೆಯವರು ಬೆಂಗಳೂರಲ್ಲಿ ಊಟಕ್ಕೆ ಕೂತಾಗ

ನಮ್ಮ ಮನೆಯವರಿಗೆ ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರ. ಒಂದು ಕೊಬ್ಬರಿ ಬಟ್ಟಲನ್ನು ಕೈಗೆ ಕೊಟ್ಟರೆ ಅದರ ಜಾತಕವನ್ನೇ ಹೇಳುತ್ತಾರೆ. ನಾನು ಹಳೇಬೀಡಿನ ಹೈಸ್ಕೂಲಿನಲ್ಲಿ ಕನ್ನಡ ಟೀಚರು. ಊರಲ್ಲಿ ನಮಗೆ ಒಂದು ಮಟ್ಟದ ಮರ್ಯಾದೆ ಇದೆ. ಆದರೆ ರೈಲು ಹತ್ತಿ ಬೆಂಗಳೂರಿಗೆ ಹೋಗಿ, ಯಾವುದಾದರೂ ಹಲಾಲ್ ಹೋಟೆಲಿನಲ್ಲಿ ಊಟಕ್ಕೆ ಕೂತರೆ, ಏನೂ ಆಗದೆ ಎದ್ದು ಬಂದ ನೆನಪಿಲ್ಲ. ನಾವಾಗಿ ಮಾಡುವುದಲ್ಲ. ಆಗುತ್ತದೆ.

ಮಂಡಿ

ನನ್ನ ತಮ್ಮ ಬೆಂಗಳೂರಿನಲ್ಲಿ ಟೈಲರ್ ಅಂಗಡಿ ಇಟ್ಟಿದ್ದಾನೆ. ಒಮ್ಮೆ ನಾವು, ಮಾವನವರು ಎಲ್ಲ ಅವನ ಮನೆಗೆ ಹೋಗಿದ್ದಾಗ, "ಭಾವ, ಮಧ್ಯಾಹ್ನ ಎಲ್ಲರೂ ಮಂಡಿಗೆ ಹೋಗೋಣ" ಅಂದ.

ನಮ್ಮವರ ಮುಖ ಸಣ್ಣದಾಯಿತು. "ವಾರವೆಲ್ಲ ಮಂಡೀಲೇ ಇರ್ತೀನಿ ಕಣಯ್ಯ. ಭಾನುವಾರ ಇಲ್ಲಿಗೆ ಬಂದ್ರೂ ಅಲ್ಲಿಗೇ ಹೋಗಬೇಕಾ?" ಅಂದರು.

ಇದು ವ್ಯಾಪಾರದ ಮಂಡಿಯಲ್ಲ, ಅರಬ್ಬರ ಕಡೆಯ ಅನ್ನ ಮತ್ತು ಮಾಂಸದ ಊಟ, ಒಂದೇ ದೊಡ್ಡ ತಟ್ಟೆಯ ಸುತ್ತ ಎಲ್ಲರೂ ಕೂತು ತಿನ್ನುವುದು ಎಂದು ತಮ್ಮ ವಿವರಿಸಿದ. ಇಷ್ಟು ಹೊತ್ತಿಗೆ ಮಾವನವರು ನಮಾಜು ಮುಗಿಸಿ ಬಂದರು. ಅವರಿಗೆ ಯಾರೂ ವಿವರಿಸಲಿಲ್ಲ.

ಹೋಟೆಲಿನಲ್ಲಿ ಮೇಜು ಕುರ್ಚಿ ಇರಲಿಲ್ಲ. ಜಮಖಾನ ಹಾಸಿ ದಿಂಬು ಇಟ್ಟಿದ್ದರು. ನಾವೆಲ್ಲ ಕೂತೆವು. ಮಾವನವರು ಮಾತ್ರ ಗೋಡೆ ಹಿಡಿದು, ಜಮಖಾನವನ್ನೇ ನೋಡುತ್ತ ನಿಂತಿದ್ದರು. ಬಡಿಸುವವನು ಹಿರಿಯರಿಗೆ ಮೊದಲ ಮರ್ಯಾದೆ ಎಂದು ಅವರ ಹತ್ತಿರವೇ ಹೋಗಿ, "ಎಷ್ಟು ಮಂಡಿ ಬೇಕು ಸಾರ್?" ಎಂದು ಕೇಳಿದ.

ಮಾವನವರು ಅವನನ್ನು ಕೃತಜ್ಞತೆಯಿಂದ ನೋಡಿದರು. "ಎರಡು ಬೇಕು ಕಣಪ್ಪ. ನಂದು ಎರಡೂ ಸವೆದೋಗವೆ" ಅಂದರು.

ಖಾಲಿ

ನಮ್ಮವರಿಗೆ ಒಂದು ಅಭ್ಯಾಸ. ಯಾವ ಹೋಟೆಲಿಗೆ ಹೋದರೂ ಕೂರುವ ಮೊದಲು "ಇಲ್ಲಿ ಹಲಾಲ್ ಸಿಗುತ್ತಲ್ವಾ?" ಎಂದು ಕೇಳಲೇಬೇಕು. ಬಾಗಿಲ ಮೇಲೆ ಆಳೆತ್ತರದ ಅಕ್ಷರದಲ್ಲಿ ಬರೆದಿದ್ದರೂ ಕೇಳುತ್ತಾರೆ. ಬೋರ್ಡು ಬರೆಯುವವನು ಬೇರೆ, ಅಡುಗೆ ಮಾಡುವವನು ಬೇರೆ ಎನ್ನುವುದು ಅವರ ವಾದ.

ಒಂದು ಬೆಳಿಗ್ಗೆ ರೈಲಿಳಿದವರೇ ಸ್ಟೇಷನ್ ಪಕ್ಕದ ಸಣ್ಣ ಟಿಫನ್ ಹೋಟೆಲಿಗೆ ಹೋದೆವು. ಅಪ್ಪಟ ಸಸ್ಯಾಹಾರಿ. ಗಲ್ಲಾಪೆಟ್ಟಿಗೆಯ ಮೇಲೆ ದೇವರ ಪಟ, ಅದಕ್ಕೆ ಮಲ್ಲಿಗೆ ಹಾರ, ಮುಂದೆ ಊದುಬತ್ತಿ. ನಮ್ಮವರು ಅದೇ ಗುಂಗಿನಲ್ಲಿ, ಕುರ್ಚಿ ಎಳೆಯುತ್ತ, "ಹಲಾಲ್ ಸಿಗುತ್ತಲ್ವಾ?" ಅಂದರು.

ಸಪ್ಲೈಯರ್ ಒಂದು ಕೈಯಲ್ಲಿ ಮೇಜು ಒರೆಸುತ್ತ, ಇನ್ನೊಂದರಲ್ಲಿ ಲೋಟ ಜೋಡಿಸುತ್ತ, ತಲೆ ಎತ್ತದೆ ಹೇಳಿದ: "ಖಾಲಿ ಆಯ್ತು ಸಾರ್. ಖಾರಾಭಾತ್ ಐತೆ."

ಸೂರ್ಯ

ನಮ್ಮ ಶಾಲೆಯಲ್ಲಿ ಗಣಿತ ಹೇಳುವವಳು ಹಳೇಬೀಡಿನ ಬಸದಿಯ ಹತ್ತಿರದ ಜೈನರ ಮನೆಯವಳು. ನನ್ನ ಆಪ್ತ ಗೆಳತಿ. ಒಂದು ವರ್ಷ ಇಬ್ಬರಿಗೂ ಬೆಂಗಳೂರಿನಲ್ಲಿ ಪೇಪರ್ ವ್ಯಾಲ್ಯುಯೇಷನ್ ಬಿತ್ತು. ಅದು ರಂಜಾನ್ ತಿಂಗಳು.

ನಾನು ಸೂರ್ಯ ಮುಳುಗುವ ತನಕ ಏನೂ ತಿನ್ನುವಂತಿಲ್ಲ. ಅವಳು ಸೂರ್ಯ ಮುಳುಗಿದ ಮೇಲೆ ಏನೂ ತಿನ್ನುವಂತಿಲ್ಲ. ಸಂಜೆ ಕೆಲಸ ಮುಗಿದಾಗ ಇಬ್ಬರಿಗೂ ಹಸಿವು. ನನ್ನ ಇಫ್ತಾರಿಗೆಂದು ಒಂದು ಹಲಾಲ್ ಹೋಟೆಲ್ ನೋಡಿಟ್ಟಿದ್ದೆ. ಅದರ ಮುಂದೆಯೇ ಹಣ್ಣಿನ ಅಂಗಡಿ. ಅವಳು ತನ್ನ ಸ್ಟೀಲ್ ಡಬ್ಬಿ ತುಂಬ ಪಪ್ಪಾಯ, ಬಾಳೆಹಣ್ಣು ಹಾಕಿಸಿಕೊಂಡು ನನ್ನ ಜೊತೆ ಒಳಗೆ ಬಂದಳು.

ಅವಳಿಗೆ ಊಟ ಮಾಡುವಾಗ ಮಾತಾಡುವ ರೂಢಿ ಇಲ್ಲ. ನನಗೆ ಆ ಹೊತ್ತಿಗೆ ನಾಲಗೆ ಒಣಗಿ ಮಾತೇ ಹೊರಡುತ್ತಿರಲಿಲ್ಲ. ಹೀಗಾಗಿ ಅವಳು ಕಿಟಕಿ ನೋಡುತ್ತ ತಿಂದಳು, ನಾನು ಗಡಿಯಾರ ನೋಡುತ್ತ ಕೂತೆ. ಅವಳು ಡಬ್ಬಿ ಮುಚ್ಚಿದಳು. ಸ್ವಲ್ಪ ಹೊತ್ತಿಗೆ ಅಜಾನ್ ಆಯಿತು. ನಾನು ಖರ್ಜೂರ ಬಾಯಿಗಿಟ್ಟು ತಿನ್ನಲು ಶುರು ಮಾಡಿದೆ, ಅವಳು ಕೈಕಟ್ಟಿ ಕೂತಳು.

ಬಡಿಸುವವರು ನಡುವಯಸ್ಸಿನವರು. ದೂರದಿಂದ ನೋಡುತ್ತಲೇ ಇದ್ದವರು ಕೊನೆಗೆ ಹತ್ತಿರ ಬಂದರು. "ಮೇಡಂ, ನಾನು ಕೇಳಬಾರದು. ಏನೇ ಮನಸ್ತಾಪ ಇದ್ರೂ ಅನ್ನದ ಮುಂದೆ ಬೇಡ. ಅವರು ತಿನ್ನುವಾಗ ನೀವು ಮುಟ್ಟಲಿಲ್ಲ. ನೀವು ತಿನ್ನುವಾಗ ಅವರು ಮುಟ್ಟಲಿಲ್ಲ" ಅಂದರು.

ನಾನು ಬಾಯಲ್ಲಿದ್ದುದನ್ನು ನುಂಗಿ, ಅವಳ ನಿಯಮ, ನನ್ನ ರೋಜಾ ಎರಡನ್ನೂ ತಿಳಿಸಿ ಹೇಳಿದೆ. ಅವರು ಗೆಳತಿಯ ಕಡೆ ತಿರುಗಿದರು. "ಹಂಗಾದ್ರೆ ನೀವಿಬ್ರೂ ಊಟಕ್ಕೆ ಜೊತೇಲಿ ಯಾಕೆ ಬರ್ತೀರಿ?"

ಅವಳು ಹೇಳಿದಳು: "ಒಬ್ಬಳೇ ಊಟ ಮಾಡೋಕೆ ಬೇಜಾರು."

ಹುಡುಗ

ನಮ್ಮ ನಾದಿನಿಯ ಮನೆ ಬೇಲೂರಿನಲ್ಲಿ. ಅವಳ ಮಗಳಿಗೆ ಗಂಡು ನೋಡುತ್ತಿದ್ದರು. ಎರಡು ಸಂಬಂಧ ಮಾತುಕತೆಯ ತನಕ ಬಂದು ಮುರಿದಿದ್ದವು. ಮೂರನೆಯದು ಬೆಂಗಳೂರಿನದು, ಒಳ್ಳೆಯ ಮನೆತನ, ಆದರೆ ಹುಡುಗನ ತಾಯಿ ಬಹಳ ಬಿಗಿ ಎಂದು ಸುದ್ದಿ. ಯಾರ ಮನೆಯಲ್ಲೂ ಬೇಡ, ಒಂದು ದೊಡ್ಡ ಹಲಾಲ್ ರೆಸ್ಟೋರೆಂಟಿನಲ್ಲಿ ಸೇರೋಣ ಎಂದು ಫೋನಿನಲ್ಲೇ ತೀರ್ಮಾನವಾಯಿತು. ನಾದಿನಿಗೆ ಜ್ವರ. ಹುಡುಗಿಯನ್ನು ಕರೆದುಕೊಂಡು ನಾವಿಬ್ಬರೇ ಹೋದೆವು. "ಅಣ್ಣ, ಈ ಸಲ ಕೈಬಿಡಬೇಡ" ಎಂದು ಅವಳು ನಮ್ಮವರ ಕೈ ಹಿಡಿದು ಹೇಳಿದ್ದಳು.

ನಾವು ಹೋದಾಗ ತಡವಾಗಿತ್ತು. ಬಾಗಿಲಲ್ಲೇ ಬಿಳಿ ಗಡ್ಡದ ಹಿರಿಯರೊಬ್ಬರು, "ಊರಿಂದ ಬಂದ್ರಾ? ಬನ್ನಿ ಬನ್ನಿ" ಎಂದು ಕೈಹಿಡಿದು ಉದ್ದನೆಯ ಮೇಜಿಗೆ ಕರೆದೊಯ್ದರು. ಇಪ್ಪತ್ತು ಜನರಿದ್ದರೇನೋ. ಕೂತ ಕೂಡಲೇ ಬಿರಿಯಾನಿ, ಕಬಾಬು ಬಂತು. ಬೇಡ ಅಂದರೆ ಸಂಬಂಧ ಕೆಡುತ್ತದೆ ಎಂದು ನಮ್ಮವರು ಬೇಡ ಅನ್ನಲೇ ಇಲ್ಲ. ಎರಡನೇ ತಟ್ಟೆ ಮುಗಿದ ಮೇಲೆ, "ಹುಡುಗ ಕಾಣಿಸ್ತಿಲ್ಲ" ಅಂದರು.

"ಬರ್ತಾ ಇದಾನೆ. ಹೊಸ ಬಟ್ಟೆ ಹಾಕ್ಕೊಳ್ಳಲ್ಲ ಅಂತ ಹಠ ಮಾಡ್ತಿದ್ದ" ಅಂದರು ಹಿರಿಯರು.

"ಸ್ವಭಾವ ಹೆಂಗೆ?"

"ಬುದ್ಧಿವಂತ. ಆದ್ರೆ ರಾತ್ರಿ ಒಬ್ಬನೇ ಮಲಗಲ್ಲ. ಅಮ್ಮ ಪಕ್ಕದಲ್ಲಿರಬೇಕು."

ನಮ್ಮವರು ನನ್ನ ಕಡೆ ನೋಡಿದರು. "ಈಗಲೂ?"

"ಈಗಲೂ. ಊಟಾನೂ ಅಷ್ಟೇ, ಅವಳೇ ತುತ್ತು ಮಾಡಿ ತಿನ್ನಿಸಬೇಕು."

ಹುಡುಗಿ ತಲೆ ತಗ್ಗಿಸಿದಳು. ನಮ್ಮವರು ತಂಗಿ ಹೇಳಿದ ಮಾತು ನೆನೆದು, "ಇರಲಿ. ಮದುವೆ ಆದಮೇಲೆ ಸರಿಹೋಗ್ತಾನೆ" ಅಂದರು. ಮೇಜಿನವರೆಲ್ಲ ಬಿದ್ದು ಬಿದ್ದು ನಕ್ಕರು.

ಅಷ್ಟರಲ್ಲಿ ಹುಡುಗ ಬಂದ. ಅಪ್ಪನ ಹೆಗಲ ಮೇಲೆ ಕೂತಿದ್ದ. ತಲೆಗೆ ಚಿನ್ನದ ಬಣ್ಣದ ಕಾಗದದ ಕಿರೀಟ. ಹಿಂದೆಯೇ ಕೇಕು.

ಹುಡುಗಿ ಮೆಲ್ಲಗೆ, "ಮಾಮು, ಇದು ಹುಟ್ಟುಹಬ್ಬ" ಅಂದಳು. ಅದೇ ಹೊತ್ತಿಗೆ ನನ್ನ ಫೋನು ಬಡಿಯಿತು. ಹುಡುಗನ ಕಡೆಯವರು ಮಹಡಿಯ ಮೇಲೆ ನಮಗಾಗಿ ಕಾಯುತ್ತಿದ್ದರು.

ಹಿರಿಯರು ತುಮಕೂರಿನ ನೆಂಟರನ್ನು ನಿರೀಕ್ಷಿಸಿದ್ದರಂತೆ. ಬೇಸರ ಮಾಡಿಕೊಳ್ಳಲಿಲ್ಲ. ಕೇಕು ತಿನ್ನಿಸಿಯೇ ಕಳಿಸಿದರು.

ಮೇಲೆ ಇನ್ನೊಂದು ಬಿರಿಯಾನಿ ಸಿದ್ಧವಾಗಿತ್ತು. ನಿಜವಾದ ಹುಡುಗ ಸೌಮ್ಯವಾಗಿದ್ದ, ಬ್ಯಾಂಕಿನ ಕೆಲಸ. ಹುಡುಗಿಯೂ ಅವನೂ ಕಿಟಕಿ ಹತ್ತಿರ ನಿಂತು ತುಂಬ ಹೊತ್ತು ಮಾತಾಡಿದರು. ನಮ್ಮವರು ಒಂದು ಅಗುಳನ್ನೂ ಇಳಿಸಲಾಗದೆ, ಬೆವರುತ್ತ, "ಸಾಕು, ಸಾಕು" ಅನ್ನುತ್ತಿದ್ದರು. ಹುಡುಗನ ತಾಯಿ ಅದನ್ನು ಗಮನಿಸುತ್ತಿದ್ದುದನ್ನು ನೋಡಿ, ಇದೂ ಹೋಯಿತು ಅಂದುಕೊಂಡೆ.

ಮಾರನೆಯ ದಿನ ಅವರಿಂದಲೇ ಫೋನ್ ಬಂತು. ಹುಡುಗ ಹುಡುಗಿ ಒಪ್ಪಿದ್ದಾರೆ, ತಮಗೂ ಒಪ್ಪಿಗೆ ಅಂದರು. "ಹುಡುಗಿಯ ಮಾಮು ಎಷ್ಟು ಸಂಕೋಚದ ಮನುಷ್ಯ ರೀ. ಅಷ್ಟು ಬಡಿಸಿದ್ರೂ ಒಂದು ತುತ್ತು ಮುಟ್ಟಲಿಲ್ಲ. ಇಂಥಾ ಹಿತಮಿತದ ಮನೆತನ ಈ ಕಾಲದಲ್ಲಿ ಎಲ್ಲಿ ಸಿಗುತ್ತೆ?"

ಮದುವೆಯಾಯಿತು. ಇಬ್ಬರೂ ಸುಖವಾಗಿದ್ದಾರೆ. ಈದ್ ಹಬ್ಬಕ್ಕೆ ನಮ್ಮನ್ನು ಊಟಕ್ಕೆ ಕರೆದಿದ್ದರು. ನಮ್ಮವರು ಬೆಳಿಗ್ಗೆಯಿಂದ ಹೊಟ್ಟೆ ಖಾಲಿ ಇಟ್ಟುಕೊಂಡೇ ಹೋಗಿದ್ದರು. ಬಿರಿಯಾನಿಯ ಹಂಡೆ ತೆರೆದಾಗ ಘಮ ಬೀದಿಗೆ ಹೋಯಿತು. ಅಳಿಯ ದೊಡ್ಡ ಸೌಟು ತುಂಬಿಕೊಂಡು ನಮ್ಮವರ ತಟ್ಟೆಯ ಹತ್ತಿರ ಬಂದ. ಅವನ ತಾಯಿ ಕೈ ತಡೆದರು. "ಹಂಗೆಲ್ಲ ಬಲವಂತ ಮಾಡಬಾರದು ಕಣೋ. ಅವರ ಊಟ ನಂಗೊತ್ತಿಲ್ವಾ? ಅರ್ಧ ಸೌಟು ಹಾಕು ಸಾಕು."

ಅರ್ಧ ಸೌಟು ಬಿತ್ತು. ನಮ್ಮವರು ಅದನ್ನು ಸ್ವಲ್ಪ ಹೊತ್ತು ನೋಡಿ, "ಇದೇ ಜಾಸ್ತಿಯಾಯ್ತು" ಅಂದರು.