ಮಿಸ್ತ್ರಿಯ ಬೋಣಿಗೆ

ಮರಿಲಿಂಗ ಹೋದ ಸೋಮವಾರ ಬೆಳಿಗ್ಗೆ ತೀರಿಕೊಂಡ. ಶಹಾಪುರದ ತನ್ನ ಮನೆಯಲ್ಲೇ, ಹೆಂಡತಿಯ ಮಂಚದ ಪಕ್ಕದ ಕುರ್ಚಿಯಲ್ಲೇ. ಹೃದಯ ನಿಂತಿತು ಎಂದರು ಡಾಕ್ಟರು. ಸುದ್ದಿ ಕೇಳಿ ಓಣಿಯ ಚಹಾದ ಹೋಟೆಲಿನವನು ಒಲೆ ಆರಿಸಿದ, ಮಿರ್ಚಿ ಬಂಡಿಯವಳು ಬಾಣಲಿ ಇಳಿಸಿದಳು, ಬೇಕರಿಯವನು ಶಟರ್ ಎಳೆದ. ಮೂವರೂ ಬಂದು ಅಂಗಳದಲ್ಲಿ ಕೂತರು. ಮಣ್ಣು ಮಾಡಿ ವಾಪಸ್ ಬರುವಾಗ ಯಾರೋ ಅವನ ಕಥೆ ತೆಗೆದರು. ಹೇಳುತ್ತಿದ್ದವರು ನಡುವೆಯೇ ನಕ್ಕರು, ನಕ್ಕಿದ್ದಕ್ಕೆ ನಾಚಿದರು, ಮತ್ತೆ ನಕ್ಕರು. ಹೀಗಾಗಿ ಆ ಕಥೆಯನ್ನು ಪೂರ್ತಿ ಹೇಳಿದವರು ಯಾರೂ ಇಲ್ಲ. ಅದು ಹೀಗಿದೆ.

ಮರಿಲಿಂಗ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವನು. ಓಣಿಗೆಲ್ಲ ‘ಮಿಸ್ತ್ರಿ’. ನಿವೃತ್ತಿಯ ದಿನ ಕೊರಳಲ್ಲಿದ್ದ ಮಾಲೆಯನ್ನೂ ತೆಗೆಯದೆ ಮನೆಗೆ ಬಂದು, ಪಡಸಾಲೆಯ ನಡುವೆ ನಿಂತು, ಪಟ್ಟಾಭಿಷೇಕದ ಗತ್ತಿನಲ್ಲಿ ಘೋಷಿಸಿದ.

“ನೋಡು! ನೌಕರಿ ಇರೋತನಕ ಕಂಡಕಂಡ ಊರಾಗ ಬಸ್ಸಿನ ಅಡಿ ಮಲಗಿ, ಕಂಡಕಂಡ ಹೋಟೆಲಿನ ಚಾ ಕುಡದೀನಿ. ಇನ್ನ ಮ್ಯಾಲ ನಮ್ಮ ಓಣಿ ದಾಟಿ ಒಂದು ಗುಟುಕು ಮುಟ್ಟಂಗಿಲ್ಲ. ನಮ್ಮ ಓಣಿಯಾಗ ಏನು ಕಮ್ಮಿ ಅದ?”

ಹೆಂಡತಿ ಮಲ್ಲಾಬಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. “ಓಣಿಯಾಗ ನಮ್ಮ ಮನಿನೂ ಅದರಿ. ಅಷ್ಟು ನೆನಪಿರ್ಲಿ” ಎಂದಳು.

ನೆನಪಿಟ್ಟುಕೊಳ್ಳಬೇಕೆಂದೇ ಇದ್ದ. ಆದರೆ ವಿಧಿ ಸುಲ್ತಾನಸಾಬನ ಚಹಾದ ಹೋಟೆಲಿನಲ್ಲಿ ಹೊಂಚು ಹಾಕಿ ಕೂತಿತ್ತು!

ಒಂದು ದಿನ ನಸುಕಿನಲ್ಲೇ ಎಚ್ಚರವಾಗಿ, ಮಿಸ್ತ್ರಿ ಎಲ್ಲರಿಗಿಂತ ಮೊದಲು ಹೋಗಿ ಸುಲ್ತಾನಸಾಬನ ಬೆಂಚಿನ ಮೇಲೆ ಕೂತ. ಅವತ್ತಿನ ಬೋಣಿಗೆ, ಅಂದರೆ ಮೊದಲ ವ್ಯಾಪಾರ, ಅವನದೇ. ಅವನು ಚಹಾ ಕುಡಿದ ಬಸಿ ಕೆಳಗಿಡುವುದಕ್ಕೂ, ಹೋಟೆಲಿನ ಎದುರಿಗೇ ಒಂದು ಮದುವೆ ದಿಬ್ಬಣದ ಬಸ್ಸು ಕೆಟ್ಟು ನಿಲ್ಲುವುದಕ್ಕೂ ಸರಿಹೋಯಿತು. ಮಿಸ್ತ್ರಿ ಅಂಗಿಯ ತೋಳು ಮಡಚಿ ಬಸ್ಸಿನ ಅಡಿ ನುಗ್ಗಿದ. ಅವನು ರಿಪೇರಿ ಮಾಡುವ ಶೈಲಿ ಸಾವಕಾಶದ್ದು. ಡಿಪೋದಲ್ಲೂ ಅದಕ್ಕೆ ಹೆಸರಾಗಿದ್ದ. ಅವನು ಹೊರಗೆ ಬರುವಷ್ಟರಲ್ಲಿ ದಿಬ್ಬಣದವರು ಸುಲ್ತಾನಸಾಬನ ಚಹಾ ಮುಗಿಸಿ, ಬಿಸ್ಕೀಟು ಮುಗಿಸಿ, ಬೀಗರೊಂದಿಗೆ ಒಂದು ಸುತ್ತು ಜಗಳವನ್ನೂ ಮುಗಿಸಿದ್ದರು.

ಸುಲ್ತಾನಸಾಬ ಖಾಲಿ ಪಾತ್ರೆ ನೋಡಿದ. ಮಿಸ್ತ್ರಿಯ ಎಣ್ಣೆ ಮೆತ್ತಿದ ಕೈ ನೋಡಿದ. ಆ ಕೈಯನ್ನು ಹಿಡಿದು ಕಣ್ಣಿಗೆ ಒತ್ತಿಕೊಂಡೇಬಿಟ್ಟ!

“ಮಿಸ್ತ್ರಿ, ಏನ್ ಕೈಗುಣ ಅದ ರೀ ನಿಮ್ದು! ನಾಳಿಯಿಂದ ನೀವು ಕುಡಿಯೋತನಕ ಯಾರಿಗೂ ಚಾ ಕೊಡಂಗಿಲ್ಲ. ಖುದಾ ಕಸಂ!”

ಮರುದಿನದಿಂದ ಗಿರಾಕಿಗಳು ಬೆಂಚಿನ ಮೇಲೆ ಸಾಲಾಗಿ ಕೂತು ಮಿಸ್ತ್ರಿಯ ದಾರಿ ಕಾಯತೊಡಗಿದರು. ಇದನ್ನು ಕಂಡ ಒಗ್ಗರಣಿ–ಮಿರ್ಚಿ ಬಂಡಿಯ ಶಾಂತಾದೇವಿ ಸುಮ್ಮನಿರುತ್ತಾಳೆಯೆ? “ಅಣ್ಣಾ, ಸಾಬ್ರ ಕಡಿ ಅಷ್ಟ ಕೈಗುಣ, ತಂಗಿ ಕಡಿ ಇಲ್ಲೇನು?” ಎಂದು ದಾರಿಗೆ ಅಡ್ಡ ನಿಂತಳು. ಮೊದಲ ಪ್ಲೇಟು ಮಂಡಕ್ಕಿ ಒಗ್ಗರಣಿ, ಮೊದಲ ಬಾಣಲಿಯ ಮಿರ್ಚಿ ಭಜಿ ಅವನಿಗೇ ಮೀಸಲಾಯಿತು. ಆಮೇಲೆ ಬೇಕರಿಯ ನಸೀರುದ್ದೀನ ಬಿಸಿ ಖಾರಿ ಬಿಸ್ಕೀಟು ಹಿಡಿದು ನಿಂತ. ಮಿಸ್ತ್ರಿಗೆ ಯಾರನ್ನೂ ಬೇಡವೆನ್ನಲು ಬರದು. ಬೇಡವೆನ್ನುವ ಆಸೆಯೂ ಅವನಿಗಿರಲಿಲ್ಲ ಎಂಬುದು ಬೇರೆ ಮಾತು! ಬೆಳಗಿನ ದಿಗ್ವಿಜಯ ಮುಗಿಸಿ ಮನೆಗೆ ಬಂದರೆ ಮಲ್ಲಾಬಾಯಿಯ ಬಿಸಿ ರೊಟ್ಟಿ, ಪುಂಡಿಪಲ್ಯ ಎದುರಿಗೆ. “ಹಸಿವಿಲ್ಲ” ಎಂದರೆ ಸಿಕ್ಕಿಬೀಳುತ್ತಾನೆ. ಆದ್ದರಿಂದ ಅದನ್ನೂ ತಿನ್ನುತ್ತಿದ್ದ.

ಹೊಟ್ಟೆ ಇದನ್ನೆಲ್ಲ ಸಹಿಸಿತು, ರಕ್ತ ಸಹಿಸಲಿಲ್ಲ. ಯಾದಗಿರಿಯ ಡಾಕ್ಟರು ಸಕ್ಕರೆ ಹೆಚ್ಚಾಗಿದೆ ಎಂದರು. ಕೊಬ್ಬೂ ಹೆಚ್ಚಾಗಿದೆ ಎಂದರು. ಅಂಗಡಿಯ ಚಹಾ, ಕರಿದದ್ದು, ಬೇಕರಿಯದು ಎಲ್ಲ ಬಂದ್. ಮನೆಗೆ ಬಂದ ಕೂಡಲೇ ಮಲ್ಲಾಬಾಯಿ ಅಂಗೈ ಚಾಚಿದಳು.

“ಕೈ ಮುಟ್ಟಿ ಮಾತು ಕೊಡ್ರಿ. ಹೊರಗಿಂದು ಬಾಯಾಗ ಹಾಕಂಗಿಲ್ಲ ಅಂತ.”

ಮಿಸ್ತ್ರಿ ಕೈ ಮುಟ್ಟಿದ. ಕೊಟ್ಟ ಮಾತಿಗೆ ತಪ್ಪುವ ಮನುಷ್ಯನಲ್ಲ ಅವನು. ಆದರೆ ಬೆಳಿಗ್ಗೆಯಾದರೆ ಅಲ್ಲಿ ಬೆಂಚು ತುಂಬ ಜನ ಕಾಯುತ್ತಾರೆ. ಶಾಂತಾದೇವಿಯ ಮಿರ್ಚಿ ಯಾರಿಗೂ ಹೋಗದೆ ತಣ್ಣಗಾಗುತ್ತದೆ. ಇತ್ತ ಹೆಂಡತಿಗೆ ಕೊಟ್ಟ ಮಾತು, ಅತ್ತ ಇಡೀ ಓಣಿಯ ವ್ಯಾಪಾರ! ರಾತ್ರಿಯೆಲ್ಲ ಹೊರಳಾಡಿದ. ಬೆಳಗಾಗುವಷ್ಟರಲ್ಲಿ ಉಪಾಯ ಹೊಳೆಯಿತು. ಮಾತು ಕೊಟ್ಟದ್ದು ಬಾಯಿಯ ವಿಷಯದಲ್ಲಿ, ಕೈಯ ವಿಷಯದಲ್ಲಲ್ಲ!

ಅಂದಿನಿಂದ ಎಲ್ಲ ಪಾರ್ಸೆಲ್. ಒಗ್ಗರಣಿ, ಮಿರ್ಚಿ, ಖಾರಿ ಸ್ಕೂಟರಿನ ಡಿಕ್ಕಿಯೊಳಗೆ. ಚಹಾ ಫ್ಲಾಸ್ಕಿನೊಳಗೆ. ಮನೆಯ ಹಿಂದೆ ಬೇವಿನ ಗಿಡವಿತ್ತು, ಗಿಡಕ್ಕೆ ಪಕ್ಕದ ಮನೆಯ ಅರ್ಜುಮಂದಳ ಮೇಕೆ ಕಟ್ಟಿತ್ತು. ಚಹಾ ಗಿಡದ ಬುಡಕ್ಕೆ, ಉಳಿದದ್ದು ಮೇಕೆಯ ಬಾಯಿಗೆ. ಆಹಾ, ಎಂಥ ಏರ್ಪಾಡು! ಓಣಿಗೆ ಬೋಣಿಗೆ, ಹೆಂಡತಿಗೆ ಮಾತು, ಮೇಕೆಗೆ ಮಿರ್ಚಿ!

ಕೆಲವು ದಿನ ಎಲ್ಲ ಸುಸೂತ್ರವಾಗಿ ನಡೆಯಿತು. ಆಮೇಲೆ ಬೇವಿನ ಬುಡದಲ್ಲಿ ಇರುವೆಗಳು ಪಾಳೆಯ ಹೂಡಿದವು. ಮೇಕೆ ಹುಲ್ಲು ಕಂಡರೆ ಮುಖ ತಿರುವತೊಡಗಿತು. ಸ್ಕೂಟರಿನ ಸದ್ದು ಕೇಳಿದರೆ ಹಗ್ಗ ಹರಿಯುವಂತೆ ಜಗ್ಗುತ್ತಿತ್ತು. ಕೊನೆಗೊಂದು ದಿನ ಅರ್ಜುಮಂದ ಹಾಲಿನ ಚೊಂಬು ಹಿಡಿದು ಬಂದಳು.

“ಮಲ್ಲಕ್ಕಾ! ಹೊರಗ ಬರ್ರಿ! ಇದನ್ನಷ್ಟು ಮೂಸಿ ನೋಡ್ರಿ!”

ಮಲ್ಲಾಬಾಯಿ ಮೂಸಿದಳು. “ಏನವ್ವಾ ಇದು? ಅಜವಾನದ ವಾಸನಿ ಬರಾಕತ್ತದಲ್ಲ?”

“ನನ್ನ ಬಕ್ರಿ ಹಾಲು ರೀ! ನಮ್ಮತ್ತಿ ಚಾ ಕುಡದು ಕೇಳ್ತಾಳ, ಸೊಸಿ, ಇದ್ರಾಗ ಮಿರ್ಚಿ ಅದ್ದಿಯೇನು ಅಂತ!”

ಆ ಹೊತ್ತಿಗೇ ಮಿಸ್ತ್ರಿಯ ಸ್ಕೂಟರು ಬಂದು ನಿಂತಿತು. ಮೇಕೆ ಹಗ್ಗ ಹರಿದುಕೊಂಡು ಓಡಿ ಬಂದು, ಮುಂಗಾಲು ಎತ್ತಿ ಡಿಕ್ಕಿಯ ಮೇಲಿಟ್ಟು, ಮಿಸ್ತ್ರಿಯ ಮುಖವನ್ನೇ ನೋಡುತ್ತ ಕೂಗಿತು. ಅದಕ್ಕಿಂತ ಸ್ಪಷ್ಟವಾದ ಸಾಕ್ಷಿಯನ್ನು ಯಾವ ಕೋರ್ಟೂ ಕೇಳಿರಲಾರದು!

ಮಲ್ಲಾಬಾಯಿ ಡಿಕ್ಕಿ ತೆಗೆದಳು. “ಏನ್ರಿ ಈ ಪುಡಿಕಿ?”

“ಅದು… ಹಳೇ ಪ್ಲಗ್ಗು. ಕಾಗದದಾಗ ಸುತ್ತಿ ಇಟ್ಟೀನಿ.”

“ಪ್ಲಗ್ಗು ಬೆಚ್ಚಗ ಅದ.”

“ಗಾಡಿ ಬಿಸಿ ಆಗ್ಯಾದ.”

“ಪ್ಲಗ್ಗಿನ ಜೋಡಿ ಉಳ್ಳಾಗಡ್ಡಿ ಹೆಚ್ಚಿ ಕೊಟ್ಟಾರಲ್ಲ?”

ಮಿಸ್ತ್ರಿ ಶರಣಾದ. “ನಾ ತಿಂದಿಲ್ಲ ನೋಡು! ಒಂದು ತುತ್ತೂ ತಿಂದಿಲ್ಲ! ಚಾ ಬೇವಿನ ಗಿಡಕ್ಕ ಹಾಕೀನಿ!”

“ನಾಳಿ ಗಿಡಕ್ಕ ಸಕ್ಕರಿ ರೋಗ ಬಂದ್ರ ಯಾದಗಿರಿಗೆ ಕರಕೊಂಡು ಹೋಗ್ತೀರೇನು?”

ಅರ್ಜುಮಂದ ಸೆರಗು ಬಾಯಿಗಿಟ್ಟುಕೊಂಡು ಮೇಕೆಯನ್ನು ಎಳೆದುಕೊಂಡು ಹೋದಳು. ಮಿಸ್ತ್ರಿ ಮೆಟ್ಟಿಲ ಮೇಲೆ ಕುಸಿದು ಕೂತ. “ನೀ ಬ್ಯಾಡ ಅಂದ್ರ ಬಿಡ್ತೀನಿ. ಆದ್ರ ಓಣಿಯವರು ನನ್ನ ನಂಬಿ ಕುಂತಾರ. ನಾ ಹೋಗ್ಲಿಲ್ಲಂದ್ರ ಅವರ ಮನಸ್ಸು ಸಣ್ಣದಾಗ್ತದ” ಎಂದ. ಈ ಮಾತಿನಲ್ಲಿ ಮಾತ್ರ ಸುಳ್ಳಿರಲಿಲ್ಲ. ಮಲ್ಲಾಬಾಯಿಗೂ ಅದು ಗೊತ್ತಾಯಿತು. ಸೆರಗು ಸೊಂಟಕ್ಕೆ ಸಿಗಿಸಿದಳು.

“ನಾಳಿ ನಾನೂ ಬರ್ತೀನಿ. ಬೋಣಿಗಿ ನೀವು ಮಾಡ್ರಿ. ತಿನ್ನೂದು ನಾ ತಿಂತೀನಿ.”

ಆ ಓಣಿಯಲ್ಲಿ ಹೆಂಗಸರು ಚಹಾ ತರಿಸಿಕೊಂಡು ಕುಡಿದದ್ದುಂಟು. ಹೋಟೆಲಿನ ಬೆಂಚಿನ ಮೇಲೆ ಕೂತು ಕುಡಿದದ್ದಿಲ್ಲ. ಮಲ್ಲಾಬಾಯಿ ಬಂದು ಕೂತಾಗ ಸುಲ್ತಾನಸಾಬ ಗಾಬರಿಯಲ್ಲಿ ಹೆಗಲ ಟವೆಲಿನಿಂದ ಬೆಂಚು ಒರೆಸಿ, ಟೇಬಲು ಒರೆಸಿ, ತನ್ನ ಮುಖವನ್ನೂ ಒರೆಸಿಕೊಂಡ. ಬೀಡಿ ಹಚ್ಚಿದವರು ಆರಿಸಿದರು. ಮಲ್ಲಾಬಾಯಿ ಒಂದು ಗುಟುಕು ಕುಡಿದಳು.

“ಸಾಬ್ರ, ಯಾಲಕ್ಕಿ ಕಮ್ಮಿ ಆಗ್ಯಾದ.”

“ಹೌದ್ರಿ ಅಕ್ಕಾ.”

“ಬಸಿ ಇನ್ನಷ್ಟು ತಿಕ್ಕಬೇಕು.”

“ಹೌದ್ರಿ ಅಕ್ಕಾ!”

ಶಾಂತಾದೇವಿಯ ಬಂಡಿಯಲ್ಲಿ ಎಣ್ಣೆ ಹಳೆಯದಾಯಿತೆಂದಳು. ನಸೀರುದ್ದೀನನ ಖಾರಿಯಲ್ಲಿ ಉಪ್ಪು ಮುಂದಾಗಿದೆ ಎಂದಳು. ಪಕ್ಕದಲ್ಲಿ ನಿಂತ ಮಿಸ್ತ್ರಿ ಪ್ರತಿ ಮಾತಿಗೂ ಉಗುಳು ನುಂಗುತ್ತಿದ್ದ. ಮಾತಿಗಿಂತ ಪ್ಲೇಟಿನ ಮೇಲೆಯೇ ಅವನ ಲಕ್ಷ್ಯವಿತ್ತು.

ಮಲ್ಲಾಬಾಯಿ ಕೂತಿದ್ದನ್ನು ಕಂಡು ಮರುದಿನ ಅರ್ಜುಮಂದ ಅತ್ತೆಯನ್ನು ಕರೆದುಕೊಂಡು ಬಂದಳು. ಆಮೇಲೆ ಶಾಲೆಯ ಟೀಚರುಗಳು ಬಂದರು. ಹೊಲಕ್ಕೆ ಹೋಗುವ ಹೆಂಗಸರು ಟಂಟಂ ಗಾಡಿ ನಿಲ್ಲಿಸಿ ಬಂದರು. ಬೆಂಚು ಸಾಲದೆ ಸುಲ್ತಾನಸಾಬ ಹೊಸದು ಮಾಡಿಸಿದ. ಶಾಂತಾದೇವಿ ಎರಡನೇ ಬಾಣಲಿ ತಂದಳು. ಒಂದು ಮುಂಜಾನೆ ಮಿಸ್ತ್ರಿ ಎಂದಿನ ಠೀವಿಯಿಂದ ಹೋಟೆಲಿನ ಮೆಟ್ಟಿಲಿಗೆ ಕಾಲಿಟ್ಟ. ಸುಲ್ತಾನಸಾಬ ಓಡಿ ಬಂದು ಎರಡೂ ಕೈ ಅಡ್ಡ ಹಿಡಿದ.

“ಮಿಸ್ತ್ರಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಅಲ್ಲೇ ಹೊರಗ ನಿಂದರ್ರಿ. ಮೊದಲ ಅಕ್ಕಾ ಬರ್ಲಿ.”

“ಯಾಕೋ? ನನ್ನ ಕೈಗುಣ?”

“ಇತ್ರಿ. ಆದ್ರ ಅಕ್ಕಾರದು ಜಾಸ್ತಿ ಅದ.”

ಸಾಮ್ರಾಜ್ಯ ಹೋಯಿತು! ಮಿಸ್ತ್ರಿಗೆ ಸ್ಕೂಟರಿನ ಸಾರಥ್ಯವೊಂದೇ ಉಳಿಯಿತು. ಹಿಂದಿನ ಸೀಟು ಒರೆಸುವುದು, ಮಹಾರಾಣಿಯನ್ನು ಕೂರಿಸಿಕೊಂಡು ಹೋಗುವುದು, ಹೊರಗೆ ನಿಂತು ಹಾರ್ನ್ ಪರೀಕ್ಷಿಸುವುದು. ಮೇಕೆ ಕೂಡ ಈಗ ಅವನನ್ನು ನೋಡಿ ಕೂಗುತ್ತಿರಲಿಲ್ಲ.

ಹೋದ ಭಾನುವಾರ ಮಲ್ಲಾಬಾಯಿಗೆ ಜ್ವರ ಬಂತು. ಸೋಮವಾರ ಬೆಳಿಗ್ಗೆ ಸುಲ್ತಾನಸಾಬನ ಫೋನು.

“ಮಿಸ್ತ್ರಿ, ಅಕ್ಕಾ ಇನ್ನಾ ಬಂದಿಲ್ಲ?”

“ಆಕಿಗೆ ಜ್ವರ ಬಂದದ.” ಮಿಸ್ತ್ರಿಯ ದನಿಯಲ್ಲಿ ಹಳೆಯ ಆಸೆ ಚಿಗುರಿತು. “ನಾ ಬರ್ಲೇನು?”

ಸುಲ್ತಾನಸಾಬ ತಡವರಿಸಿದ. “ಸೋಮವಾರ ರೀ… ಗಿರಾಕಿ ಭಾಳ ಇರ್ತಾರ… ಸುಮ್ನ ಯಾಕ ಅಂತ…”

ಮಿಸ್ತ್ರಿ ಫ್ಲಾಸ್ಕು ಹಿಡಿದು ಹೋದ. ಸುಲ್ತಾನಸಾಬ ಚಹಾ ತುಂಬಿ ಮುಚ್ಚಳ ಬಿಗಿಮಾಡಿ ಕೊಟ್ಟ. “ನೀವು ತಗೀಬ್ಯಾಡ್ರಿ. ಅಕ್ಕನ ಕೈಲೇ ತಗಸ್ರಿ” ಎಂದ. ಮಿಸ್ತ್ರಿ ಹಾಗೆಯೇ ಮಾಡಿದ. ಮಲ್ಲಾಬಾಯಿ ಎದ್ದು ಕೂತು, ಮುಚ್ಚಳ ತೆಗೆದು, ಕಪ್ಪಿಗೆ ಸುರಿದುಕೊಂಡು ಕುಡಿದಳು.

“ಯಾಲಕ್ಕಿ ಈಗ ಸರಿ ಅದ” ಎಂದಳು.

ಅವನು ಮಂಚದ ಪಕ್ಕದ ಕುರ್ಚಿಯಲ್ಲಿ ಕೂತು ಫೋನು ಮಾಡಿದ. “ಸುಲ್ತಾನಭಾಯ್, ಕುಡದಾಳ. ಯಾಲಕ್ಕಿ ಸರಿ ಅದಂತ. ಇನ್ನ ಎಲ್ಲಾರಿಗೂ ಕೊಡು.”

ಮಲ್ಲಾಬಾಯಿ ಗೋಡೆಯ ಕಡೆ ಹೊರಳಿ ಮಲಗಿದಳು. ಕಪ್ಪಿನ ತಳದಲ್ಲಿ ಒಂದು ಗುಟುಕು ಉಳಿದಿತ್ತು. ಮಿಸ್ತ್ರಿ ಬಾಗಿಲ ಕಡೆ ನೋಡಿದ. ಹೆಂಡತಿಯ ಬೆನ್ನು ನೋಡಿದ. ಸದ್ದಾಗದಂತೆ ಕಪ್ಪು ಎತ್ತಿಕೊಂಡ.

“ಕಪ್ಪು ಕೆಳಗ ಇಡ್ರಿ” ಎಂದಳು ಮಲ್ಲಾಬಾಯಿ, ಹೊರಳದೆಯೇ.

ಮರಿಲಿಂಗ ಕಪ್ಪು ಕೆಳಗಿಟ್ಟ. ಖಾಲಿ ಮಾಡಿಯೇ ಇಟ್ಟ.