ಔರಾದಿಗೆ ಬಾಗಿಲು ತೆರೆಯದ ಸರ್ವರ್

ಸುಮಿತ್ರಾಬಾಯಿಯವರ ಪಾಸ್‌ವರ್ಡ್‌ನಲ್ಲಿ ಹದಿನಾಲ್ಕು ಅಕ್ಷರಗಳಿದ್ದವು. ಶುಕ್ರವಾರ ಊಟದ ಹೊತ್ತಿಗೆ ನಾನು ಅದನ್ನು ನಾಲ್ಕನೆಯ ಸಲ ಬದಲಿಸಿದ್ದೆ, ಮತ್ತು ನಾಲ್ಕು ಸಲವೂ ತಪ್ಪು ಅವರದೇ ಎಂದು ಮನಸ್ಸಿನಲ್ಲಿ ತೀರ್ಮಾನಿಸಿದ್ದೆ. ಬಾಯಿಬಿಟ್ಟು ಹೇಳಲಿಲ್ಲ. ನಾನು ಬಾಯಿಬಿಟ್ಟು ಹೇಳುವವರ ಪೈಕಿ ಅಲ್ಲ. ಆದರೆ ಮನಸ್ಸಿನಲ್ಲೇ ಬಯ್ಯುವುದರಲ್ಲಿ ನನ್ನಷ್ಟು ಶಿಸ್ತಿನವರು ಕಡಿಮೆ.

ಬೀಗಗಳ ಬಗ್ಗೆ ನನಗೆ ಮೊದಲಿನಿಂದಲೂ ಗೌರವ. ಬೀದರಿನ ನಮ್ಮ ಮನೆಯಲ್ಲಿ ಏಳು ಜನಕ್ಕೆ ಮೂರು ಕೋಣೆ. ಎಂಟನೆಯ ತರಗತಿಯಲ್ಲಿ ನಾನು ಗುಟ್ಟಾಗಿ ದಿನಚರಿ ಬರೆಯುತ್ತಿದ್ದುದು ಅಕ್ಕನಿಗೆ ತಿಳಿದು, ಎಲ್ಲರೂ ರೊಟ್ಟಿ ತಿನ್ನುತ್ತಿರುವಾಗ ಅದನ್ನು ಗಟ್ಟಿಯಾಗಿ ಓದಿದಳು. ‘ಇವತ್ತು ಏನೂ ಆಗಲಿಲ್ಲ’ ಎಂಬ ಒಂದೇ ವಾಕ್ಯ ಹತ್ತೊಂಬತ್ತು ದಿನ ಇತ್ತು. “ಇದನ್ನ ಕದ್ದು ಯಾಕ ಬರೀಬೇಕವ್ವಾ, ನಮಗೂ ಹಂಗೇ ಆಗ್ಯದಲ್ಲ” ಎಂದರು ಅಪ್ಪ. ಮರುವಾರವೇ ನನ್ನ ಪೆಟ್ಟಿಗೆಗೆ ಬೀಗ ಬಿತ್ತು. ಮುಂದೆ ಕಲಬುರಗಿಯಲ್ಲಿ ಕಂಪ್ಯೂಟರ್ ವಿಜ್ಞಾನ ಓದುವಾಗ, ಯಾರನ್ನು ಒಳಗೆ ಬಿಡಬೇಕು, ಯಾರನ್ನು ಬಿಡಬಾರದು ಎಂಬುದನ್ನೇ ಒಂದು ವಿದ್ಯೆಯಾಗಿ ಕಲಿಸುತ್ತಾರೆಂದು ಗೊತ್ತಾದಾಗ ನನಗಾದ ಸಂತೋಷವನ್ನು ಯಾರಿಗೂ ಹೇಳಲಿಲ್ಲ. ಈಗ ನಿಮಗೆ ಹೇಳುತ್ತಿದ್ದೇನೆ.

ಆ ವಿದ್ಯೆಯನ್ನು ನಾನು ಪ್ರಯೋಗಿಸಿದ್ದು ನಮ್ಮ ಸಣ್ಣ ಸಂಸ್ಥೆಯ ಮೇಲೆ, ಅಲ್ಲಿಯ ಕಂಪ್ಯೂಟರ್ ವ್ಯವಸ್ಥಾಪಕಿಯಾಗಿ. ಎರಡು ವರ್ಷ ಮಳೆ ಕೈಕೊಟ್ಟು, ದೀಪಾವಳಿ ಮುಗಿಯುತ್ತಲೇ ಔರಾದ, ಭಾಲ್ಕಿ ಕಡೆಯ ಹಳ್ಳಿಗಳಿಂದ ಜನ ಹೈದರಾಬಾದಿಗೆ, ಪುಣೆಗೆ ಕೆಲಸ ಹುಡುಕಿ ಹೊರಡುತ್ತಿದ್ದರು. ಅವರು ಮರಳುವತನಕ ಮಕ್ಕಳನ್ನು ಇಟ್ಟುಕೊಂಡು, ಉಣಿಸಿ, ಶಾಲೆ ತಪ್ಪದಂತೆ ನೋಡಿಕೊಳ್ಳುವ ವಸತಿ ಕೇಂದ್ರಗಳು ನಮ್ಮವು. ಬೀದರ, ಭಾಲ್ಕಿ, ಔರಾದ ಮೂರು ಕಡೆ ಕಚೇರಿ. ಮೊದಲು ಒಂದೊಂದು ಕಂಪ್ಯೂಟರಿಗೆ ಅದರದೇ ಪಾಸ್‌ವರ್ಡ್ ಇತ್ತು. ಭಾಲ್ಕಿಯಲ್ಲಿ ಅದನ್ನು ಗೋಡೆಯ ಕ್ಯಾಲೆಂಡರಿನ ಮೇಲೆ, ಹಾಲಿನ ಲೆಕ್ಕದ ಪಕ್ಕ ಬರೆದಿದ್ದರು. ನೋಡಿದಾಗ ನನಗೆ ಅಕ್ಕನ ನೆನಪಾಯಿತು. ಎಲ್ಲರ ಹೆಸರನ್ನೂ ಪಾಸ್‌ವರ್ಡನ್ನೂ ಬೀದರಿನ ಒಂದೇ ಸರ್ವರಿಗೆ ತಂದೆ. ಯಾವ ಊರಲ್ಲಿ ಯಾರು ಕುಳಿತರೂ ಅಲ್ಲಿಯ ಕಂಪ್ಯೂಟರು ‘ಇವರು ನಮ್ಮವರೇ?’ ಎಂದು ಬೀದರಿನ ಸರ್ವರನ್ನು ಕೇಳಬೇಕು. ಅದು ಹೂಂ ಅಂದರೆ ಮಾತ್ರ ಮಕ್ಕಳ ಪಟ್ಟಿಯ ಒಳಗೆ. ಈ ವ್ಯವಸ್ಥೆಯನ್ನು ಗುರುವಾರ ಸಂಜೆ ಜಾರಿಗೆ ತಂದೆ. ಶುಕ್ರವಾರ ಸಂಜೆ ಐದಕ್ಕೆ ಆ ವರ್ಷದ ಮಕ್ಕಳ ಪಟ್ಟಿ ಮುಚ್ಚುವುದಿತ್ತು. ಹೊಸದಾಗಿ ಸೈಕಲ್ ಕಲಿತವರು ಸಂತೆಯ ದಿನವೇ ಪೇಟೆಗೆ ಹೊರಡುವ ಹಾಗೆ ಹೊರಟೆ ಅಂದುಕೊಳ್ಳಿ.

ಶುಕ್ರವಾರ ಬೆಳಿಗ್ಗೆ ಬೀದರ ತೆರೆಯಿತು. ಭಾಲ್ಕಿಯೂ ತೆರೆಯಿತು. ಮನೆಯಲ್ಲಿ ಮರಾಠಿ, ಕಚೇರಿಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ ಆಡುವ ಅಲ್ಲಿಯ ಮಾಣಿಕರಾವ್ ಫೋನ್ ಮಾಡಿ, “ಮೇಡಂ, ಬರೋಬರ್ ಆಗ್ಯದರಿ. ಕ್ಯಾಲೆಂಡರ್ ಹಾಳಿ ಹರಿದು ಹಾಕ್ಲೇನು? ಹಾಲಿನಾಕಿದು ಒಂದೀಟು ಲೆಕ್ಕ ಉಳದದ” ಎಂದರು. ನಾನು ಗಂಭೀರವಾಗಿ, ಹಾಲಿನ ಲೆಕ್ಕ ಬೇರೆ ಕಡೆ ಬರೆದುಕೊಂಡು ಹರಿಯಿರಿ ಎಂದೆ. ಆಮೇಲೆ ಔರಾದಿನ ಫೋನ್ ಬಂತು.

ಔರಾದ ಕಚೇರಿ ಎಂದರೆ ಸುಮಿತ್ರಾಬಾಯಿ ಒಬ್ಬರೇ. ಐವತ್ತು ದಾಟಿದವರು, ಅವರ ಮನೆತನದಲ್ಲಿ ಮೆಟ್ರಿಕ್ ಮುಗಿಸಿದ ಮೊದಲ ಹೆಣ್ಣುಮಗಳು. ಇಪ್ಪತ್ತು ಹಳ್ಳಿಯ ಮಕ್ಕಳ ಹೆಸರು ಅವರಿಗೆ ಬಾಯಿಪಾಠ.

“ಜೈ ಭೀಮ್ ರೀ ಮೇಡಂ. ನಿಮ್ಮ ಹೊಸಾದು ಒಳಗ ಬಿಡವಲ್ದು ನೋಡ್ರಿ.”

“ಏನಂತ ತೋರಸ್ತದ ಬಾಯಿ?”

“ಪ್ರವೇಶ ಸಾಧ್ಯವಿಲ್ಲ ಅಂತದ. ಅಷ್ಟೇ. ಯಾಕ ಅಂತ ಹೇಳವಲ್ದು.”

ಕಾರಣ ಹೇಳದಂತೆ ಮಾಡಿದವಳು ನಾನೇ. ಕಳ್ಳನಿಗೆ ಯಾಕೆ ಕಾರಣ ಹೇಳಬೇಕು ಎಂದು ಪುಸ್ತಕದಲ್ಲಿ ಓದಿದ್ದೆ. ವೈರ್ ಸಡಿಲಾಗಿದೆಯೇ ನೋಡಲು ಹೇಳಿದೆ, ಸಡಿಲಾಗಿರಲಿಲ್ಲ. ಕೀಲಿಮಣೆಯಲ್ಲಿ ದೊಡ್ಡಕ್ಷರದ ದೀಪ ಹತ್ತಿದೆಯೇ ಕೇಳಿದೆ, ಹತ್ತಿರಲಿಲ್ಲ. ಹೊಸ ಪಾಸ್‌ವರ್ಡ್ ಮಾಡಿ, ಫೋನಿನಲ್ಲಿ ಒಂದೊಂದೇ ಅಕ್ಷರ ಹೇಳಿದೆ. ಬಿ ಅಂದರೆ ಭಾಲ್ಕಿ, ಕೆ ಅಂದರೆ ಕಮಠಾಣ, ಡಿ ಅಂದರೆ ಡಾಬಕಾ. ಯಾರಿಗೂ ತಿಳಿಯಬಾರದ ಗುಟ್ಟಿನ ಮಾತು ಬಸ್ ನಿಲ್ದಾಣದ ಪ್ರಕಟಣೆಯ ಹಾಗೆ ಇಡೀ ಕಚೇರಿಗೆ ಕೇಳಿಸಿತು. ಅತ್ತ ಸುಮಿತ್ರಾಬಾಯಿ, “ಡಾಬಕಾ ಸಣ್ಣದೋ ದೊಡ್ಡದೋ ಮೇಡಂ?” ಎಂದು ಕೇಳಿ, ದೊಡ್ಡದು ಎಂದಾಗ, “ಅಷ್ಟೇನ್ ದೊಡ್ಡ ಊರಲ್ರಿ ಅದು” ಎಂದರು. ಸರ್ವರ್ ಮಾತ್ರ ಜಗ್ಗಲಿಲ್ಲ. ಭಾಲ್ಕಿಯಿಂದ ಮಾಣಿಕರಾವ್ ಮತ್ತೆ ಫೋನ್ ಮಾಡಿ, “ನಿಮ್ಮ ಸರ್ವರಿಗೂ ಔರಾದಿಗೂ ಏನರೇ ಹಳೇ ಜಗಳ ಅದ ಏನ್ರಿ?” ಎಂದು ವಿಚಾರಿಸಿದರು.

ಮೂರೂವರೆಗೆ ಈ ತಮಾಷೆ ಮುಗಿಯಿತು. ಡಾಬಕಾದಿಂದ ಒಬ್ಬ ತಾಯಿ ಏಳನೆಯ ತರಗತಿಯ ಮಗಳು ಆಶಾಳನ್ನು ಕರೆದುಕೊಂಡು, ಬಟ್ಟೆಯ ಗಂಟಿನೊಂದಿಗೆ ಔರಾದ ಕಚೇರಿಗೆ ಬಂದಿದ್ದಳು. ಉಳಿದ ಮಕ್ಕಳ ಹೆಸರು ಹಿಂದಿನ ದಿನಗಳಲ್ಲೇ ಏರಿತ್ತು, ಇವಳದೊಂದೇ ಬಾಕಿ. ಮರುದಿನ ಬೆಳಗಾಗುವ ಮೊದಲೇ ಹೈದರಾಬಾದಿನ ಗಾಡಿ ಅವರ ಊರಿಗೆ ಬರುವುದಿತ್ತು. ಕಂಪ್ಯೂಟರಿನಿಂದ ಬಂದ ಚೀಟಿ ಇಲ್ಲದೆ ವಸತಿ ಕೇಂದ್ರದಲ್ಲಿ ಯಾರನ್ನೂ ಸೇರಿಸಿಕೊಳ್ಳಬಾರದು ಎಂಬ ನಿಯಮವಿತ್ತು. ಹೆಸರನ್ನು ನಾನೇ ಬೀದರಿನಿಂದ ಏರಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ತಾಯಿಯ ಹೆಬ್ಬೆರಳ ಗುರುತು ಅಲ್ಲಿಯ ಯಂತ್ರದಲ್ಲೇ ಬೀಳಬೇಕಿತ್ತು. ಅದೂ ನಾನೇ ಸೂಚಿಸಿದ ಭದ್ರತೆ.

ಫೋನಿನಲ್ಲಿ ತಾಯಿಯ ದನಿ ಕೇಳುತ್ತಿತ್ತು. “ಬ್ಯಾಡ ಬಿಡ್ರಿ ಬಾಯಿ. ಸಂಗಟ ಕರ್ಕೊಂಡು ಹೋಗ್ತೇನಿ. ಅಲ್ಲಿ ಸಣ್ಣಾವನ್ನ ನೋಡ್ಕೋತ ಇರ್ತಾಳ.”

“ನಾ ಬರಲ್ಲ” ಎಂದಿತು ಇನ್ನೊಂದು ದನಿ. “ನಂದು ಸೋಮವಾರ ವಿಜ್ಞಾನ ಪರೀಕ್ಷಾ ಅದ.”

“ಸುಮ್ನ ಕೂಡ್ರಿ ಇಬ್ರೂ” ಎಂದರು ಸುಮಿತ್ರಾಬಾಯಿ. “ನಮ್ಮ ಮೇಡಂ ಭಾಳ ಓದ್ಯಾರ. ಹ್ಯಾಂಗರೆ ಮಾಡಿ ತೆಗೀತಾರ. ಚಹಾ ಕುಡೀರಿ.”

ಬೆಳಗಿನಿಂದ ಯಾರ ಬೆರಳುಗಳನ್ನು ನಾನು ಅನುಮಾನಿಸುತ್ತಿದ್ದೆನೋ ಅವರೇ ನನ್ನ ಓದಿಗೆ ಜಾಮೀನು ನಿಂತರು. ಐದನೆಯ ಸಲ ಪಾಸ್‌ವರ್ಡ್ ಬದಲಿಸಲು ಹೋದವಳು ಕೈ ಹಿಂದೆ ತೆಗೆದು, ಬೆಳಗ್ಗೆಯೇ ಮಾಡಬೇಕಿದ್ದ ಕೆಲಸ ಮಾಡಿದೆ: ಯಾರು ಬಂದು ಬಾಗಿಲು ತಟ್ಟಿದರು, ಯಾಕೆ ವಾಪಸು ಕಳಿಸಿದೆ ಎಂದು ಸರ್ವರ್ ತನಗಾಗಿ ಬರೆದಿಟ್ಟುಕೊಳ್ಳುವ ಕಡತವನ್ನು ತೆರೆದೆ. ಅವರು ತಟ್ಟಿದ ಸಾಲನ್ನು ಗುರುತಿಸಲು ಸಮಯ ಬೇಕಿತ್ತು.

“ಬಾಯಿ, ಈಗೊಮ್ಮೆ ಹೊಡೀರಿ. ಹೊಡೆದಾಗ ಟೈಮ್ ಎಷ್ಟಾಗ್ಯದ ಹೇಳ್ರಿ.”

“ಹೊಡದೆ. ನಾಲ್ಕು ಗಂಟಿಗೆ ಒಂದು ನಿಮಿಷ ಕಮ್ಮಿ.”

ನನ್ನ ಗಡಿಯಾರದಲ್ಲಿ ಮೂರು ನಲವತ್ತೇಳು. “ಗೋಡೆಯ ಗಡಿಯಾರ ನೋಡಿ ಹೇಳಿದ್ರೇನು?”

“ಕಂಪ್ಯೂಟರಿಂದೇ ನೋಡಿ ಹೇಳ್ದೆ. ಎರಡೂ ಒಂದೇ ಹೇಳ್ತಾವ. ಹನ್ನೆರಡು ನಿಮಿಷ ಮುಂದ ಇಟ್ಟೇನಿ.”

ಕಡತದಲ್ಲಿ ಬೆಳಗಿನಿಂದಲೂ ಪ್ರತಿ ಸಾಲಿನಲ್ಲಿ ಅದೇ ಬರೆದಿತ್ತು: ಗಡಿಯಾರಗಳ ನಡುವೆ ಅಂತರ ಹೆಚ್ಚಾಗಿದೆ. ಪಾಸ್‌ವರ್ಡಿನ ಸುದ್ದಿಯೇ ಅಲ್ಲಿರಲಿಲ್ಲ. ನನ್ನ ಸರ್ವರ್ ಬಾಗಿಲಲ್ಲೇ ಪ್ರತಿಯೊಂದು ಕಂಪ್ಯೂಟರನ್ನೂ ಅದರ ಗಡಿಯಾರದ ಸಮಯ ನಮೂದಿಸಿದ ಗುರುತಿನ ಚೀಟಿ ಕೇಳುತ್ತದೆ. ಯಾರದೋ ಹಳೆಯ ಚೀಟಿ ಕದ್ದು ತಂದವರು ನುಸುಳಬಾರದೆಂದು, ಆ ಸಮಯ ತನ್ನ ಸಮಯಕ್ಕೆ ಐದು ನಿಮಿಷಕ್ಕಿಂತ ಹೆಚ್ಚು ಹಿಂದೆ ಮುಂದೆ ಇದ್ದರೆ ಒಳಗೆ ಬಿಡುವುದಿಲ್ಲ. ಈ ಐದು ನಿಮಿಷದ ಬಗ್ಗೆ ನಾನು ಪರೀಕ್ಷೆಯಲ್ಲಿ ಎರಡು ಪುಟ ಬರೆದವಳು.

“ಯಾಕ ಮುಂದ ಇಟ್ಟೀರಿ ಬಾಯಿ?”

“ಬಸ್ಸಿಗಿ ರೀ. ಈ ಊರಿಗಿ ರೈಲಾ ಪೈಲಾ ಏನದ? ಬಂದವ್ರು ಮಾತಾಡ್ಕೋತ ಕೂಡ್ತಾರ, ಬಸ್ ತಪ್ಪಿಸ್ಕೋತಾರ, ಆಮ್ಯಾಲ ಡಾಬಕಾತನಕ ನಡೀತಾರ. ಗಂಟು ಕಟ್ಟಲಾಕ ಮೂರು ನಿಮಿಷ, ಸ್ಟ್ಯಾಂಡಿಗಿ ನಡೀಲಾಕ ನಾಲ್ಕು, ಡ್ರೈವರ್ ಸೀಟ್ ತುಂಬಿದ್ರ ಐದು ನಿಮಿಷ ಮೊದಲೇ ಬಿಡ್ತಾನ. ಎಷ್ಟಾತು?”

“ಹನ್ನೆರಡು” ಎಂದೆ, ಶಾಲೆಯ ಹುಡುಗಿಯ ಹಾಗೆ.

“ಗೋಡಿದು ಒಂದು ಹೇಳಿ ಕಂಪ್ಯೂಟರಿಂದು ಇನ್ನೊಂದು ಹೇಳಿದ್ರ ಜನ ಕಂಪ್ಯೂಟರಿಂದೇ ನಂಬ್ತಾರ. ಅದಕ್ಕ ಅದನ್ನೂ ಮುಂದ ಮಾಡ್ದೆ. ಮೊದಲು ಅದು ತನ್ನಷ್ಟಕ್ಕ ತಾನೇ ತಿದ್ದಿಕೊಳ್ತಿತ್ತು. ಹುಡುಕಿ ಹುಡುಕಿ ಅದನ್ನ ಬಂದ್ ಮಾಡೇನಿ.”

ಆ ಸೌಲಭ್ಯ ನಾಲ್ಕು ಪರದೆ ಒಳಗೆ ಅಡಗಿರುತ್ತದೆ. ಕಲಬುರಗಿಯಲ್ಲಿ ನನ್ನ ಜೊತೆ ಓದಿದ ಅರ್ಧ ಜನ ಅದನ್ನು ಹುಡುಕಲಾರರು. ಹದಿನಾಲ್ಕು ಅಕ್ಷರ ಸರಿಯಾಗಿ ಒತ್ತಲು ಬಾರದು ಎಂದು ನಾನು ಅಂದುಕೊಂಡಿದ್ದ ಹೆಂಗಸು ಯಾರ ಸಹಾಯವೂ ಇಲ್ಲದೆ ಅಲ್ಲಿಗೆ ಹೋಗಿ, ತನ್ನ ಊರಿನ ಜನಕ್ಕೆ ಬೇಕಾದ ಸಮಯವನ್ನು ಅಲ್ಲಿ ಇಟ್ಟು ಬಂದಿದ್ದರು. ನಿಮಿಷಗಳನ್ನು ಅಳೆಯುವುದರಲ್ಲಿ ನನ್ನದೇ ದೊಡ್ಡ ಕೈ ಎಂದುಕೊಂಡಿದ್ದೆ. ನನ್ನ ಐದು ನಿಮಿಷ ಪುಸ್ತಕದಿಂದ ಬಂದದ್ದು. ಅವರ ಹನ್ನೆರಡು ನಿಮಿಷ ನಡೆದು ನೋಡಿ ಬಂದದ್ದು.

“ಬಾಯಿ, ತಪ್ಪು ನಂದೇ ಅದ. ಬೆಳಗ್ಗೆಯೇ ನೋಡಬೇಕಿತ್ತು” ಎಂದೆ. ನನ್ನ ಮಟ್ಟಿಗೆ ಅದು ಭಾಷಣ.

“ಇರ್ಲಿ ಬಿಡು ತಂಗಿ” ಎಂದರು. ಮೊದಲ ಸಲ ಮೇಡಂ ಅನ್ನಲಿಲ್ಲ. “ಈಗೇನ್ ಮಾಡ್ಬೇಕು, ಅದು ಹೇಳು.”

ಕಂಪ್ಯೂಟರಿನ ಗಡಿಯಾರವನ್ನು ಸರಿ ಮಾಡಬೇಕು ಎಂದೆ. ಗೋಡೆಯದನ್ನು ಮುಟ್ಟುವುದಿಲ್ಲ ಎಂದರು. ಮುಟ್ಟಬೇಡಿ ಎಂದೆ. ಹಾಗಾದರೆ ಎರಡರ ಸಮಯ ಬೇರೆಯಾಗಿ ಜನ ಗಲಿಬಿಲಿಯಾಗುತ್ತಾರಲ್ಲ ಎಂದರು. ಅತ್ತ ಏನೋ ಸರಪರ ಸದ್ದಾಯಿತು. “ಆತು. ಪರದಿ ಮೂಲಿಗಿ ಹಣಿಗಿ ಹಚ್ಚೋ ಟಿಕಳಿ ಅಂಟಿಸೇನಿ. ಟೈಮ್ ಕಾಣಲ್ಲ. ನನ್ನ ಹಂತ್ಯಾಕ ಸಣ್ಣವಿದ್ವು, ಆಶಾನ ಅವ್ವ ಒಂದು ದೊಡ್ಡದು ಕೊಟ್ಟಳು.” ಮರುಕ್ಷಣವೇ ಸರ್ವರ್ ಹೂಂ ಅಂದಿತು. ತಾಯಿಯ ಹೆಬ್ಬೆರಳು ಎರಡು ಸಲ ಮೂಡಲಿಲ್ಲ. ಮೂರನೆಯ ಸಲ ಸೆರಗಿನಲ್ಲಿ ಒರೆಸಿಕೊಂಡು ಒತ್ತಿದಾಗ ಮೂಡಿತು. ಆಶಾಳ ಹೆಸರು ಬೀದರಿನಲ್ಲಿ ನನ್ನ ಪರದೆಯ ಮೇಲೆ ಬಂತು. ಚೀಟಿ ಹೊರಬಿದ್ದ ಸದ್ದು ಫೋನಿನಲ್ಲೇ ಕೇಳಿತು. ಕೂಡಲೇ ಸುಮಿತ್ರಾಬಾಯಿಯ ದನಿ: “ಏಳ್ರಿ, ಗೋಡಿ ನೋಡ್ರಿ, ನಾಲ್ಕೂವರಿ ಆಗಲಾಕ ಬಂತು. ಹುಡುಗಿನ್ನ ನಾ ಬಿಟ್ಟು ಬರ್ತೇನಿ, ನೀ ಬಸ್ ಹಿಡಿ.” ನನ್ನ ಗಡಿಯಾರದಲ್ಲಿ ಆಗ ನಾಲ್ಕು ಹದಿನೇಳು. ನಾಲ್ಕೂವರೆಯ ಬಸ್ಸು ಆ ದಿನ ನಾಲ್ಕು ಇಪ್ಪತ್ತೈದಕ್ಕೆ ಹೊರಟಿತಂತೆ. ತಾಯಿಗೆ ನಿಲ್ಲಲು ಜಾಗ ಸಿಕ್ಕಿತಂತೆ.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಕಚೇರಿಗೆ ಹೋಗಿ, ನನ್ನ ಕೆಲಸವಲ್ಲದಿದ್ದರೂ, ಔರಾದ ವಸತಿ ಕೇಂದ್ರದ ಹಾಜರಿ ತೆರೆದು ನೋಡಿದೆ. ಕೊನೆಯ ಸಾಲಿನಲ್ಲಿ ಆಶಾ, ಡಾಬಕಾ, ಏಳನೆಯ ತರಗತಿ, ಹಾಜರ್. ಒಮ್ಮೆ ಮುಚ್ಚಿ, ಮತ್ತೆ ತೆರೆದು ನೋಡಿದೆ. ಆಮೇಲೆ ಹಿಂದಿನ ದಿನದ ತೊಂದರೆಯ ವರದಿ ತುಂಬಲು ಕುಳಿತೆ. ‘ತಪ್ಪು ಎಲ್ಲಿ?’ ಎಂಬ ಪ್ರಶ್ನೆಗೆ ಆ ನಮೂನೆಯಲ್ಲಿ ನಾಲ್ಕು ಉತ್ತರಗಳಿದ್ದವು: ಬಳಕೆದಾರರು, ವೈರು, ವಿದ್ಯುತ್ತು, ಸರ್ವರು. ನಾಲ್ಕನ್ನೂ ಓದಿದೆ, ಯಾವುದೂ ಸರಿಹೊಂದಲಿಲ್ಲ. ನಮೂನೆ ತಯಾರಿಸಿದವರಿಗೆ ಇಷ್ಟೂ ಹೊಳೆಯಲಿಲ್ಲವೇ ಎಂದು ಬಯ್ದುಕೊಳ್ಳುತ್ತ ಕೆಳಗೆ ನೋಡಿದರೆ ನನ್ನದೇ ಹೆಸರಿತ್ತು. ಐದನೆಯದಾಗಿ ‘ವ್ಯವಸ್ಥಾಪಕಿ’ ಎಂದು ಸೇರಿಸಿ, ಗುರುತು ಹಾಕಿ, ಬೇರೆ ಯಾರೂ ಬರುವ ಮೊದಲೇ ಕಳಿಸಿಬಿಟ್ಟೆ.