ಕುಡಿಯದ ಮಾವನ ವೈನ್ ಪೇಜು

ನನ್ನ ಸೋದರಮಾವನಷ್ಟು ಪ್ರಾಮಾಣಿಕವಾಗಿ ವೈನ್ ಮಾರುವವರು ಇಡೀ ಲಂಡನ್ನಿನಲ್ಲಿ ಇನ್ನೊಬ್ಬರಿಲ್ಲ ಎಂದು ನಾನು ಪಂಥ ಕಟ್ಟಿ ಹೇಳಬಲ್ಲೆ. ಈ ಬಾಟಲಿ ಹೇಗಿದೆ ಎಂದು ಗಿರಾಕಿ ಕೇಳಿದರೆ ಅವರು "ನಂಗೆ ಗೊತ್ತಿಲ್ಲ" ಎಂದುಬಿಡುತ್ತಾರೆ. ನಿಜವಾಗಿಯೂ ಗೊತ್ತಿಲ್ಲ! ಏಕಾದಶಿಯ ದಿನ ನೀರು ಕುಡಿಯಲೂ ಹಿಂದೆ ಮುಂದೆ ನೋಡುವ ಮನುಷ್ಯ ವೈನ್ ಕುಡಿಯುವುದುಂಟೆ?

ಇಂಥವರು ವೈನ್ ಅಂಗಡಿಗೆ ಬಂದು ಬಿದ್ದದ್ದಾದರೂ ಹೇಗೆ? ಕುಂದಾಪುರದಿಂದ ಹೋಟೆಲಿನ ಅಡುಗೆಗೆಂದು ಬಂದ ಮಾವ ಕೆಲವು ವರ್ಷ ದೋಸೆ ಹೊಯ್ದು, ಸೊಂಟ ಹಿಡಿದುಕೊಂಡ ಮೇಲೆ ಲಂಡನ್ನಿನ ಅಂಚಿನ ಫೆಲ್ಥಮ್ಮಿನಲ್ಲಿ ಬೀದಿ ಮೂಲೆಯ ಒಂದು ಅಂಗಡಿ ವಹಿಸಿಕೊಂಡರು. ಬ್ರೆಡ್, ಹಾಲು, ಪೇಪರು, ಹಿಂದಿನ ಗೋಡೆಗೆ ಒಂದಷ್ಟು ವೈನ್. ಅಷ್ಟರಲ್ಲಿ ಎದುರಿಗೇ ಒಂದು ಸೂಪರ್ ಮಾರ್ಕೆಟ್ ಬಂತು. ಬ್ರೆಡ್ ಹೋಯಿತು, ಹಾಲು ಹೋಯಿತು, ವೈನ್ ಉಳಿಯಿತು. ಮಾವ ಬೋರ್ಡು ಬದಲಿಸಿ, ಹೆಸರಿನ ಕೊನೆಗೆ "ವೈನ್ಸ್" ಎಂದು ಬರೆಸಿ, ಮನೆಗೆ ಹೋಗಿ ತಲೆಗೆ ಸ್ನಾನ ಮಾಡಿದರು.

ಊರಿನಲ್ಲಿರುವ ನನ್ನ ಅಮ್ಮನಿಗೆ, ಅಂದರೆ ಮಾವನ ಅಕ್ಕನಿಗೆ, ಮಾತ್ರ ಅದು ದಿನಸಿ ಅಂಗಡಿಯೇ. ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡ ಮಾವನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಅಮ್ಮ. ಅವಳಿಗೆ ಈ ಸುಳ್ಳು ಗೊತ್ತಾದೀತೆಂಬ ನಾಚಿಕೆಯಲ್ಲಿ ಮಾವ ಊರಿಗೆ ಹೋಗುವುದನ್ನೇ ಬಿಟ್ಟಿದ್ದರು. "ಅಕ್ಕಂಗೆ ಗೊತ್ತಾರೆ ನಾ ಮುಖ ತೋರ್ಸುದ್ ಹ್ಯಾಂಗೆ ಮಾಣಿ?" ಎನ್ನುತ್ತಿದ್ದರು. ನಾನೂ ಆ ಸುಳ್ಳಿನ ಪಾಲುದಾರನೇ. "ಮಾವನ ಅಂಗ್ಡಿಯಗೆ ಒಳ್ಳೆ ಬೆಲ್ಲ ಸಿಕ್ಕತ್ತಾ?" ಎಂದು ಅಮ್ಮ ಫೋನಿನಲ್ಲಿ ಕೇಳಿದರೆ, "ಸಿಕ್ಕತ್ತ್ ಅಮ್ಮ" ಎನ್ನುತ್ತಿದ್ದೆ. ಕಿವಿಯೆಲ್ಲ ಬಿಸಿಯಾಗುತ್ತಿತ್ತು.

ಸೂಪರ್ ಮಾರ್ಕೆಟ್ಟಿನವರು ವೈನನ್ನೂ ಅಗ್ಗಕ್ಕೆ ಮಾರತೊಡಗಿದಾಗ ಅಂಗಡಿ ಮುಚ್ಚುವ ಹಂತಕ್ಕೆ ಬಂತು. ಆಗ ನಾನೇ ಮಾವನಿಗೆ ಸೋಷಿಯಲ್ ಮೀಡಿಯಾದಲ್ಲಿ ಒಂದು ಪೇಜು ತೆರೆದುಕೊಟ್ಟೆ. ಹಾವಿಗೆ ಹಾಲೆರೆಯುವುದೆಂದರೆ ಇದೇ ಇರಬೇಕು. ಬರೀ ಜಾಹೀರಾತು ಹಾಕಬೇಡಿ, ಜನರ ಹತ್ತಿರ ಮನಸ್ಸಿಟ್ಟು ಮಾತಾಡಿ ಎಂದು ಉಪದೇಶವನ್ನೂ ಕೊಟ್ಟೆ. ಮಾವ ಒಪ್ಪಿದರು. ಒಂದೇ ಷರತ್ತು: ಫೋಟೋದಲ್ಲಿ ಬಾಟಲಿ ಬರಬಹುದು, ಕೈ ಬರಬಹುದು, ಮುಖ ಮಾತ್ರ ಬರಕೂಡದು.

ಮನಸ್ಸಿಟ್ಟು ಮಾತಾಡಿ ಎಂದದ್ದೇ ತಪ್ಪಾಯಿತು. ಬೇರೆ ಅಂಗಡಿಗಳ ಪೇಜಿನಲ್ಲಿ ಓಕ್ ಮರದ ವಾಸನೆ, ಚೆರ್ರಿಯ ಛಾಯೆ ಎಂದೆಲ್ಲ ಬರೆಯುತ್ತಾರೆ. ನಮ್ಮ ಮಾವ ಬರೆದದ್ದು ಹೀಗೆ: "ಈ ವೈನ್ ಹೇಗಿದೆ ಎಂದು ನನಗೆ ಗೊತ್ತಿಲ್ಲ. ಆದರೆ ಇದನ್ನು ಒಯ್ದ ಪ್ಲಂಬರ್ ಮಾರನೆಯ ದಿನ ತಾನಾಗಿಯೇ ಬಂದು ನಮ್ಮ ನಲ್ಲಿ ಸರಿ ಮಾಡಿಕೊಟ್ಟ." ಇನ್ನೊಂದರ ಕೆಳಗೆ, "ಇದು ಮೀನಿನ ಜೊತೆ ಚೆನ್ನಾಗಿ ಹೋಗುತ್ತದಂತೆ. ನಾನು ಮೀನನ್ನೂ ತಿಂದಿಲ್ಲ." ಮತ್ತೊಂದರ ಕೆಳಗೆ, "ಇದನ್ನು ಕುಡಿದು ಇಬ್ಬರು ಜಗಳವಾಡಿದರು. ಬೇಡ." ಮಾರಬೇಕಾದ ಸರಕಿಗೆ ಬೇಡ ಎಂದು ಬರೆದ ವ್ಯಾಪಾರಿಯನ್ನು ನೀವೆಲ್ಲಾದರೂ ಕಂಡಿದ್ದೀರಾ?

ಅದಕ್ಕಿಂತ ದೊಡ್ಡ ಫಜೀತಿ ಲೈಕುಗಳದ್ದು. ನಮ್ಮ ಕಡೆ ಪಕ್ಕದ ಮನೆಯವರು ಪಾತ್ರೆಯಲ್ಲಿ ಏನಾದರೂ ಕೊಟ್ಟು ಕಳಿಸಿದರೆ ಆ ಪಾತ್ರೆಯನ್ನು ಖಾಲಿ ಹಿಂದಿರುಗಿಸುವುದಿಲ್ಲ, ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕೊಡುತ್ತಾರೆ. ಮಾವ ಲೈಕನ್ನೂ ಅದೇ ಲೆಕ್ಕಕ್ಕೆ ಸೇರಿಸಿಬಿಟ್ಟರು. ಯಾರಾದರೂ ಪೇಜಿಗೆ ಒಂದು ಲೈಕ್ ಒತ್ತಿದರೆ ಅವರ ಪ್ರೊಫೈಲ್ ಹೊಕ್ಕು, ಅವರು ಹುಟ್ಟಿದಾಗಿನಿಂದ ಹಾಕಿದ ಫೋಟೋಗಳಿಗೆಲ್ಲ ಒಂದೊಂದಾಗಿ ಲೈಕ್ ಒತ್ತುವರು! ಅಜ್ಜಿ ತೀರಿಕೊಂಡ ಸುದ್ದಿಗೂ ಬಿತ್ತು, ಕಾಲು ಮುರಿದ ಎಕ್ಸ್‌ರೇಗೂ ಬಿತ್ತು. ಹೆಂಗಸೊಬ್ಬಳ ಸಮುದ್ರಸ್ನಾನದ ಫೋಟೋಗಳಿಗೂ ಸಾಲಾಗಿ ಬಿತ್ತು. ಮರುದಿನ ಅವಳ ಗಂಡ, ಬಾಗಿಲಿನಷ್ಟೇ ಅಗಲದವನು, ಅಂಗಡಿಗೆ ಬಂದು ನಿಂತ. ಮಾವ ಅವನಿಗೆ ಪಾತ್ರೆಯ ಶಾಸ್ತ್ರವನ್ನೆಲ್ಲ ತಮ್ಮ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದರು. ನಾನು ಫ್ರಿಜ್ಜಿನ ಹಿಂದೆ ನಿಂತು ನೆಲ ಬಾಯಿ ಬಿಡಬಾರದೇ ಎಂದುಕೊಳ್ಳುತ್ತಿದ್ದೆ. ಗಂಡ ಎಲ್ಲ ಕೇಳಿ, ಒಂದು ಬಾಟಲಿ ಕೊಂಡು ಹೋದ.

"ನೀವು ಹೀಗೆ ಎಲ್ಲರಿಗೂ ಲೈಕ್ ಕೊಡಬಾರದು ಮಾವ" ಎಂದೆ.

"ಬಂದ್ ಪಾತ್ರೆ ಖಾಲಿ ಕೊಡುಕಾತ್ತಾ?" ಎಂದರು.

ನನ್ನ ಮಾನ ಪೂರ್ತಿ ಹೋದದ್ದು ಲಂಡನ್ನಿನ ಇನ್ನೊಂದು ತುದಿಯ ಇಲ್ಫರ್ಡಿನಲ್ಲಿ, ಕನ್ನಡಿಗರ ಯುಗಾದಿಯ ಊಟದಲ್ಲಿ. ಬೆಂಗಳೂರಿನ ಮಹನೀಯರೊಬ್ಬರು ಪಂಕ್ತಿಯ ಆ ತುದಿಯಿಂದ, "ರೀ, ಆ ಪ್ಲಂಬರ್ ವೈನ್ ಅಂಗಡಿ ನಿಮ್ಮ ಮಾವಂದೇ ಅಂತಲ್ರೀ? ನಮ್ಮ ಆಫೀಸಲ್ಲೆಲ್ಲಾ ಓದ್ತಾರೆ" ಎಂದರು. ಪಂಕ್ತಿಯೇ ನನ್ನ ಕಡೆ ತಿರುಗಿತು. ನನ್ನ ಬಾಯಲ್ಲಿದ್ದ ಒಬ್ಬಟ್ಟು ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ಇವರಲ್ಲಿ ಯಾರಾದರೂ ಊರಿಗೆ ಫೋನ್ ಮಾಡಿ ಅಮ್ಮನ ಕಿವಿಗೆ ಹಾಕಿದರೆ ಗತಿಯೇನು ಎಂಬ ಹೆದರಿಕೆಯಲ್ಲಿ ಮಜ್ಜಿಗೆಗೂ ಕಾಯದೆ ಎದ್ದು ಬಂದೆ.

ಅಷ್ಟರಲ್ಲಿ ಆ ಪೇಜನ್ನು ಲಂಡನ್ನಿನ ಪಕ್ಕದ ಕೆಂಟ್ ಕಡೆಯ ದಂಪತಿಗಳೂ ಓದಿದ್ದರು. ಅವರದು ಸಣ್ಣ ದ್ರಾಕ್ಷಿ ತೋಟ, ಅಲ್ಲೇ ಸ್ವಂತ ವೈನ್ ತಯಾರಿ. ತಮ್ಮ ವೈನನ್ನು ಫೆಲ್ಥಮ್ ಸುತ್ತಮುತ್ತ ಈ ಅಂಗಡಿಗೆ ಮಾತ್ರ ಕೊಡುತ್ತೇವೆ ಎಂದು ಬರೆದರು. ಸೂಪರ್ ಮಾರ್ಕೆಟ್ಟಿನಲ್ಲಿ ಸಿಗದ ಸರಕು! ಅಂಗಡಿ ಉಳಿಯುವ ದಾರಿ ಕಂಡಿತು. ಆದರೆ ದ್ರಾಕ್ಷಿ ಕೊಯ್ಲಿನ ದಿನ ಮಾವ ತೋಟಕ್ಕೆ ಬಂದು ಲೈವ್ ವಿಡಿಯೋದಲ್ಲಿ ಮಾತಾಡಬೇಕು. ಜನ ಆ ಕೈಗಳ ಒಡೆಯನನ್ನು ನೋಡಬೇಕಂತೆ.

ಮಾವ ಎರಡು ದಿನ ಬಾಟಲಿಗಳ ಧೂಳು ಒರೆಸಿದರು. ಆಮೇಲೆ, "ಅಕ್ಕಂಗೆ ಪೇಜ್ ಗೀಜ್ ಎಲ್ಲ ಗೊತ್ತಾತ್ತಿಲ್ಲೆ ಅಲ್ದಾ?" ಎಂದರು. ಗೊತ್ತಾಗುವುದಿಲ್ಲ ಎಂದು ಧೈರ್ಯ ಹೇಳಿದೆ. ಹೇಳಿದ ವಾರಕ್ಕೇ ನನ್ನ ತಂಗಿ ಊರಿನಲ್ಲಿ ಅಮ್ಮನಿಗೊಂದು ಹೊಸ ಫೋನ್ ತೆಗೆಸಿಕೊಟ್ಟಳು. ಅಮ್ಮ ತುಳಸಿಕಟ್ಟೆಯ ಮುಂದಿನ ರಂಗೋಲಿಯ ಫೋಟೋ ಹಾಕಿದಳು. ಅಕ್ಕನ ಮೊದಲ ಫೋಟೋ ಕಂಡ ಸಂತೋಷದಲ್ಲಿ ಮಾವ ತಟ್ಟನೆ ಲೈಕ್ ಒತ್ತಿದರು. ಒತ್ತಿದ್ದು ಸ್ವಂತ ಹೆಸರಿನಲ್ಲಲ್ಲ, ಅಂಗಡಿಯ ಪೇಜಿನಿಂದ! ಅಮ್ಮನ ತುಳಸಿಯ ಕೆಳಗೆ "ವೈನ್ಸ್" ಎಂಬ ಲೈಕು. ಮಾವ ಕೂಡಲೇ ಅದನ್ನು ಅಳಿಸಿದರು. ಅಮ್ಮ ಕಂಡಿರಲಾರಳು ಎಂದು ನಾನು ಮತ್ತೆ ಧೈರ್ಯ ಹೇಳಿದೆ. ಈಗ ನೋಡಿದರೆ ನನ್ನ ಧೈರ್ಯವನ್ನು ಯಾರೂ ನಂಬಬಾರದಿತ್ತು.

ತೋಟದಲ್ಲಿ ಅಕ್ಟೋಬರಿನ ಗಾಳಿ ಚುಚ್ಚುತ್ತಿತ್ತು. ಮಾವ ಚೆಂದ ಕಾಣಲೆಂದು ಇಸ್ತ್ರಿ ಮಾಡಿದ ತೆಳು ಬಿಳಿ ಅಂಗಿಯಲ್ಲೇ ನಿಂತಿದ್ದರು. ನಾನು ಫೋನ್ ಹಿಡಿದೆ. ತೋಟದ ಯಜಮಾನ ಮಾವನ ಕೈಗೊಂದು ಬಾಟಲಿ, ಮೂಗಿಗೊಂದು ಗ್ಲಾಸು ಕೊಟ್ಟ. ಮಾವ ಮೂಸಿ ನೋಡಿ, ಗ್ಲಾಸನ್ನು ಹಿಂದೆ ಕೊಟ್ಟು, ನಮ್ಮೂರ ಹುಳಿಹಣ್ಣು ಪುನರ್ಪುಳಿಯ ವಾಸನೆ ಬರುತ್ತದೆ, ಚಿಕ್ಕಂದಿನಲ್ಲಿ ನನಗೆ ಜ್ವರ ಬಿಟ್ಟಾಗ ಅಕ್ಕ ಅದರ ಸಾರು ಮಾಡಿ ಕುಡಿಸುತ್ತಿದ್ದಳು ಎಂದು ಇಂಗ್ಲಿಷಿನಲ್ಲಿ ಹೇಳತೊಡಗಿದರು.

ಆಗ ಪರದೆಯ ಕೆಳಗೆ, ಕಾಮೆಂಟುಗಳ ಸಾಲಿನಲ್ಲಿ, ಅಮ್ಮನ ಹೆಸರು ಮೂಡಿತು. ಅಳಿಸಿದ ಲೈಕನ್ನು ಅವಳು ಕಂಡೇ ಇದ್ದಳು!

ನಾನು ಗಾಬರಿಯಲ್ಲಿ ಫೋನನ್ನು ಆಕಾಶಕ್ಕೆ ತಿರುಗಿಸಿದೆ. ಜನರು ಸ್ವಲ್ಪ ಹೊತ್ತು ಕೆಂಟಿನ ಮೋಡಗಳನ್ನು ನೋಡಿದರು. "ಎಂತ ಆಯ್ತ್?" ಎಂದು ಮಾವ ಹತ್ತಿರ ಬಂದು ಬಗ್ಗಿ ನೋಡಿದರು. ಅಕ್ಕನ ಹೆಸರು ಕಂಡದ್ದೇ ಬಾಟಲಿ ಬೆನ್ನ ಹಿಂದೆ ಹೋಯಿತು. ತಲೆ ನರೆತ ಗಂಡಸು, ಬೆನ್ನ ಹಿಂದೆ ಕೈ ಕಟ್ಟಿಕೊಂಡು, ನಾಚಿಕೆಯಿಂದ ಕೆಂಪಾಗಿ, ಫೋನಿನ ಮುಂದೆ ತಲೆ ತಗ್ಗಿಸಿ ನಿಂತುಬಿಟ್ಟರು. ನನಗೂ ಕಣ್ಣೆತ್ತಲಾಗಲಿಲ್ಲ.

ಅಮ್ಮ ಕನ್ನಡದಲ್ಲಿ ಬರೆದಿದ್ದಳು: "ಸ್ವೆಟರ್ ಹಾಕಂಬುಕೆ ಎಂತ ನಿಂಗೆ? ನೀ ಚಳಿಗೆ ನಡ್ಗ್ತಾ ಇದ್ದೆ."

ಅಷ್ಟೇ. ಬೇರೇನೂ ಬರಲಿಲ್ಲ. ಏನು ಬರೆದಿದ್ದಾರೆ ಎಂದು ಯಜಮಾನನ ಹೆಂಡತಿ ಕೇಳಿದಳು. ಚಳಿಯ ಬಗ್ಗೆ ಎಂದು ನಾನೇ ಹೇಳಿದೆ. ಅವಳು ಗಂಡನ ದಪ್ಪ ಕೋಟನ್ನು ತಂದು ಮಾವನ ಹೆಗಲಿಗೆ ಹಾಕಿದಳು. ಮಾವ ಬಾಟಲಿಯನ್ನು ಬೆನ್ನ ಹಿಂದಿನಿಂದ ತೆಗೆದು ಎಲ್ಲರಿಗೂ ಕಾಣುವಂತೆ ಮೇಜಿನ ಮೇಲೆ ಇಟ್ಟರು. ಕೋಟಿನ ಗುಂಡಿಗಳನ್ನು ಕುತ್ತಿಗೆಯವರೆಗೂ ಹಾಕಿಕೊಂಡರು. ಆಮೇಲೆ ಮುಖವನ್ನು ಪೂರ್ತಿ ಕ್ಯಾಮೆರಾಕ್ಕೆ ಹತ್ತಿರ ತಂದು, "ಹಾಕ್ಕಂಡೆ ಅಕ್ಕ. ಕಾಣ್" ಎಂದರು.